ಸುರಪುರದ ಟೇಲರ್ ಸಾಹೇಬ
ಫಿಲಿಪ್ ಮೆಡೋಸ್ ಟೇಲರ್‌ನನ್ನು ಬರೀ ಸೇನಾಧಿಕಾರಿ ಎಂದರೆ ಆತನ ಅರ್ಧ ಬದುಕೇ ಬಿಟ್ಟುಹೋಗುತ್ತದೆ. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ನಿಜಾಮನ ಪಡೆ ಸೇರಿದವನು. ಸುರಪುರದ ಆಡಳಿತ ನೋಡಿಕೊಳ್ಳುತ್ತಲೇ ಜೇವರ್ಗಿಯ ಕಲ್ಲುಗೋರಿಗಳನ್ನು ಅಗೆಸಿ, ಮಣ್ಣಿನ ಪದರ, ಎಲುಬು, ಮಡಕೆ ಎಲ್ಲೆಲ್ಲಿದ್ದವೋ ಹಾಗೆಯೇ ನಕ್ಷೆಗೆ ಇಳಿಸಿದ. ಆ ಕಾಲಕ್ಕೆ ಈ ಶಿಸ್ತು ನಿಜಕ್ಕೂ ಅಪರೂಪ. ನಮ್ಮ ವಿಜಯಪುರದ ಕಟ್ಟಡಗಳ ಮೇಲಿನ 1866ರ ಚಿತ್ರಸಂಪುಟಕ್ಕೆ ಇತಿಹಾಸ ಬರೆದವನೂ ಇವನೇ.

ಬ್ರಿಟಿಷರ ಕಡೆಯವನಲ್ಲವೇ ಎಂದು ಕೇಳಬಹುದು. ಹೌದು, ಅವರ ಬಲದಿಂದಲೇ ಸುರಪುರಕ್ಕೆ ಬಂದ. ತನ್ನ ಕಣ್ಣೆದುರೇ ಬೆಳೆದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ದಂಗೆ ಎದ್ದಾಗಲೂ ಅವರ ನೌಕರಿಯಲ್ಲೇ ಇದ್ದ. ಇದನ್ನು ಮುಚ್ಚಿಡಬಾರದು. ಆದರೂ ಆ ನಕ್ಷೆಗಳ ಬೆಲೆ ಕುಂದದು: ಅಗೆದ ಗೋರಿ ಮತ್ತೆ ಮೊದಲಿನಂತಾಗದು, ಒಳಗೇನಿತ್ತು ಎಂಬುದಕ್ಕೆ ಅವನು ಬರೆದಿಟ್ಟದ್ದೇ ದಾಖಲೆ.