ಕಕೂನ್ ಚೌಕಟ್ಟಿನಲ್ಲಿ ಸ್ಕ್ರಿಪ್ಟ್ ಭಾಷೆಯ ಸ್ಥಾನ

ಪಾಠವನ್ನು ಅದರ ರೂಪವಿನ್ಯಾಸದಿಂದ ಬೇರ್ಪಡಿಸಿ ಗುರುತಿಸಲು ಅನುವಾಗುವ ಎಕ್ಸ್‌ಎಂಎಲ್ ಪದ್ಧತಿಯು 1998ರಲ್ಲಿ ಅಂಗೀಕೃತವಾಯಿತು. ಅದನ್ನು ಆಧರಿಸಿದ ಅಪಾಚೆ ಕಕೂನ್ ಎಂಬ ಜಾಲಚೌಕಟ್ಟಿನಲ್ಲಿ ಕಾರ್ಯವು ಮೂರು ಹಂತಗಳಲ್ಲಿ ನಡೆಯುತ್ತದೆ: ಪಾಠವನ್ನು ಒದಗಿಸುವುದು, ರೂಪಾಂತರಿಸುವುದು, ಎಚ್‌ಟಿಎಂಎಲ್ ಅಥವಾ ಪಿಡಿಎಫ್ ಆಗಿ ಹೊರತರುವುದು. ಯಾವ ಕೋರಿಕೆಗೆ ಯಾವ ಕ್ರಮವೆಂಬುದು ಸೈಟ್‌ಮ್ಯಾಪ್ ಎಂಬ ಕಡತದಲ್ಲಿ ನಿರ್ದಿಷ್ಟವಾಗಿರುತ್ತದೆ.

ಆದರೆ ಹಸ್ತಪ್ರತಿಯೊಂದರ ಗರಿಗಳ ಸಂಖ್ಯೆ, ಲಿಪಿ, ಪಾಠಾಂತರಗಳನ್ನು ಹಲವು ಪುಟಗಳಲ್ಲಿ ಅನುಕ್ರಮವಾಗಿ ನಮೂದಿಸುವಂಥ ಕಾರ್ಯಕ್ಕೆ ಇಷ್ಟೇ ಸಾಲದು. ಕಕೂನಿನ ಎಕ್ಸ್‌ಎಸ್‌ಪಿ ಪುಟಗಳಲ್ಲಿ ಜಾವಾ ಆದೇಶಗಳು ಎಕ್ಸ್‌ಎಂಎಲ್ ನಡುವೆಯೇ ಸೇರುತ್ತಿದ್ದವು. ಮೂಲದೊಳಗೆ ಟೀಕೆ ಬೆರೆತಂತೆ ಒಂದನ್ನು ತಿದ್ದಲು ಹೋದರೆ ಇನ್ನೊಂದು ಕೆಡುವ ಭಯವಿತ್ತು. 2003ರ 2.1ನೆಯ ಆವೃತ್ತಿಯ ಫ್ಲೋಸ್ಕ್ರಿಪ್ಟ್ ಇದನ್ನು ನಿವಾರಿಸಿತು. ಇದರಲ್ಲಿ ಜಾವಾಸ್ಕ್ರಿಪ್ಟ್ ಪ್ರತ್ಯೇಕ ಕಡತದಲ್ಲಿದ್ದು, ಸೈಟ್‌ಮ್ಯಾಪ್ ಅದನ್ನು ಕರೆಯುತ್ತದೆ. ‘ಸೆಂಡ್‌ಪೇಜ್‌ಆಂಡ್‌ವೇಟ್’ ಎಂಬ ಆದೇಶವು ಪುಟವನ್ನು ಕಳುಹಿಸಿ, ತಾನು ನಿಂತ ಸ್ಥಾನವನ್ನು ಒಂದು ಗುರುತಿನೊಡನೆ ಉಳಿಸಿ, ವಿರಮಿಸುತ್ತದೆ. ಉತ್ತರವು ಅದೇ ಗುರುತಿನೊಡನೆ ಬಂದಾಗ ಕಾರ್ಯವು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹಿಂದಿನ ಪುಟಕ್ಕೆ ಮರಳಿ ಉತ್ತರ ಕಳುಹಿಸಿದರೆ ಆ ಪುಟದ ಗುರುತೇ ಬಳಕೆಗೆ ಬರುತ್ತದೆ.

ಈ ಕ್ರಮಕ್ಕೆ ಒಂದು ಮಿತಿಯೂ ಉಂಟು. ಉಳಿಸಿದ ಸ್ಥಾನಗಳು ಸರ್ವರಿನ ಸ್ಮೃತಿಯನ್ನು ವ್ಯಾಪಿಸುವುದರಿಂದ ಅವುಗಳಿಗೆ ಅವಧಿ ವಿಧಿಸಲಾಗುತ್ತದೆ. ಅವಧಿ ಮೀರಿದರೆ ಗುರುತು ನಿಷ್ಫಲ. ಅಲ್ಲಿಯವರೆಗೆ ಸ್ಕ್ರಿಪ್ಟಿನಲ್ಲಿ ಮಾತ್ರ ಇದ್ದ ನಮೂದುಗಳೂ ನಷ್ಟವಾಗುತ್ತವೆ. ಆದುದರಿಂದ ಪ್ರತಿ ಹಂತದ ನಮೂದನ್ನು ಆಗಿಂದಾಗಲೇ ದತ್ತಭಂಡಾರಕ್ಕೆ ಸೇರಿಸಿ, ಸ್ಕ್ರಿಪ್ಟಿಗೆ ಕ್ರಮನಿರ್ವಹಣೆಯನ್ನಷ್ಟೇ ಒಪ್ಪಿಸುವುದು ಯುಕ್ತ. ಹಾಗಾದಲ್ಲಿ ಮುಂದೆ ಚೌಕಟ್ಟು ಬದಲಾದರೂ ಪಾಠವು ಅವಿಕೃತವಾಗಿ ಉಳಿಯುವುದು.