ಹಳೇ ಗೇಮಿಗೆ ಹೊಸ ಬೆಳಕು

ವಿಡಿಯೋ ಗೇಮ್ ಆಡಲು ಕೂತರೆ ನನ್ನ ಕಣ್ಣು ಮೊದಲು ಹೋಗುವುದು ಗೋಡೆಯ ಮೂಲೆಗಳಿಗೆ. 2011ರ ‘ಸ್ಕೈರಿಮ್’ ನನಗೆ ಈಗಲೂ ಅಚ್ಚುಮೆಚ್ಚು. ಆದರೆ ಅದರಲ್ಲಿ ವೈಟ್‌ರನ್ ಪಟ್ಟಣದ ಛತ್ರದೊಳಗೆ ಕಾಲಿಟ್ಟರೆ ಮನಸ್ಸಿಗೆ ಕಸಿವಿಸಿ. ನಡುಮನೆಯಲ್ಲಿ ಬೆಂಕಿ ಧಗಧಗ ಉರಿಯುತ್ತಿದ್ದರೂ ಬೆಂಚಿನ ಅಡಿಗೂ ಕಂಬದ ಹಿಂದಕ್ಕೂ ಒಂದೇ ಹದದ ಮಂಕು ಬೆಳಕು. ಬೆಂಚುಗಳು ನೆಲಕ್ಕೆ ಊರಿದಂತೆಯೇ ಕಾಣುವುದಿಲ್ಲ.

ನಿಜವಾದ ಬೆಳಕು ಬಿದ್ದಲ್ಲೇ ನಿಲ್ಲುವುದಿಲ್ಲ, ಪುಟಿಯುತ್ತದೆ. ಮಧ್ಯಾಹ್ನದ ಬಿಸಿಲು ಕಾವಿ ನೆಲಕ್ಕೆ ಬಿದ್ದಾಗ ಪಕ್ಕದ ಸುಣ್ಣದ ಗೋಡೆಯ ಬುಡ ಕೆಂಪೇರುವುದನ್ನು ನೋಡಿರುತ್ತೀರಿ. ಹೀಗೆ ಕಿರಣದ ಜಾಡು ಹಿಡಿದು ಲೆಕ್ಕ ಹಾಕುವುದೇ ರೇ ಟ್ರೇಸಿಂಗ್. ಸಿನಿಮಾದವರು ಒಂದು ಫ್ರೇಮಿಗೆ ಗಂಟೆಗಟ್ಟಲೆ ಕಾಯಬಲ್ಲರು. ಸೆಕೆಂಡಿಗೆ 60 ಫ್ರೇಮ್ ತೋರಿಸಬೇಕಾದ ಗೇಮಿಗೆ ಒಂದೊಂದಕ್ಕೆ 17 ಮಿಲಿಸೆಕೆಂಡೂ ಸಿಗುವುದಿಲ್ಲ. ಎನ್‌ವಿಡಿಯಾ 2018ರಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಭಾಗವಿರುವ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡುಗಳನ್ನು ತಂದಿತು. ನನ್ನಂಥವರ ಹಳೇ ಕಂಪ್ಯೂಟರಿನಲ್ಲಿ ಅದಿಲ್ಲ.

ಮರುವರ್ಷ ಪ್ಯಾಸ್ಕಲ್ ಗಿಲ್ಚರ್ ಎಂಬ ಪ್ರೋಗ್ರಾಮರ್ ಇನ್ನೊಂದು ದಾರಿ ತೋರಿಸಿದರು. ‘ರೀಶೇಡ್’ ಎಂಬ ಉಚಿತ ತಂತ್ರಾಂಶದಲ್ಲಿ ಓಡುವ ಅವರ ‘ಆರ್‌ಟಿಜಿಐ’ ಶೇಡರ್ (ಪಿಕ್ಸೆಲ್‌ಗಳ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಗೇಮಿನ ಲೋಕವನ್ನು ಮುಟ್ಟುವುದೇ ಇಲ್ಲ. ಪರದೆಗೆ ಬಂದ ಚಿತ್ರ, ಅದರ ಜೊತೆಗಿನ ಡೆಪ್ತ್ ಬಫರ್, ಇವೆರಡೇ ಅದರ ಬಂಡವಾಳ. ಪ್ರತಿ ಪಿಕ್ಸೆಲ್ ಕ್ಯಾಮೆರಾದಿಂದ ಎಷ್ಟು ದೂರ ಎಂಬ ಲೆಕ್ಕ ಆ ಬಫರಿನಲ್ಲಿರುತ್ತದೆ. ಫುಲ್ ಎಚ್‌ಡಿ ಪರದೆಯಾದರೆ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್. ಪ್ರತಿಯೊಂದರಿಂದಲೂ ಕಿರಣ ಹೊರಟು ಹೆಜ್ಜೆಹೆಜ್ಜೆಯಾಗಿ ಮುಂದೆ ಸಾಗುತ್ತದೆ. ಬಫರಿನ ದೂರವನ್ನು ದಾಟಿದ ಕಡೆ ಏನೋ ಅಡ್ಡ ಬಂತೆಂದು ತಿಳಿದು, ಅಲ್ಲಿನ ಬಣ್ಣವನ್ನು ಹೊರಟ ಪಿಕ್ಸೆಲ್‌ಗೆ ಸೇರಿಸುತ್ತದೆ. ಕಿರಣಗಳು ಕಡಿಮೆಯಾದ್ದರಿಂದ ಚಿತ್ರದ ತುಂಬ ಚುಕ್ಕೆಗಳೇಳುತ್ತವೆ. ಹಿಂದಿನ ಫ್ರೇಮುಗಳ ಬೆಳಕನ್ನೂ ಬೆರೆಸಿ ಅವನ್ನು ನಯಗೊಳಿಸುತ್ತಾರೆ.

ಸ್ಕೈರಿಮ್‌ಗೆ ಈ ಶೇಡರ್ ಹಾಕಿದ ಮೇಲೆ ಛತ್ರದ ಬೆಂಚಿನ ಕಾಲುಗಳು ನೆಲಕ್ಕೆ ಊರಿದವು. ಕಂಬದ ಬೆಂಕಿಯತ್ತಲಿನ ಮಗ್ಗುಲು ಕಿತ್ತಳೆಯಾಯಿತು, ಹಿಂಬದಿ ಕತ್ತಲಾಯಿತು. ಸಂತೋಷವಾಯಿತು ಎಂದರೆ ಕಡಿಮೆಯೇ.

ಕಾಣದ್ದನ್ನು ಮಾತ್ರ ಈ ಶೇಡರ್ ಅರಿಯದು. ತಿರುಗಿ ನಿಂತು ಬೆಂಕಿ ಪರದೆಯಿಂದಾಚೆ ಸರಿದರೆ ಶೇಡರ್ ಕೊಟ್ಟ ಕೆಂಬಣ್ಣವೂ ಗೋಡೆಯಿಂದ ಮಾಯ. ಕಂಬದ ದಪ್ಪ ಎಷ್ಟೆಂಬುದು ಬರೀ ಅಂದಾಜು. ಮಂಜು, ಹೊಗೆಗಳ ಮೇಲೆ ಹಿಂದಿನ ವಸ್ತುವಿನ ನೆರಳು ಮೂಡಿ ಆಭಾಸವಾಗುತ್ತದೆ. ಹೊಸದಾಗಿ ಗೇಮ್ ಕಟ್ಟುವವರು ಇದನ್ನೇ ನೆಚ್ಚಿಕೊಳ್ಳಬಾರದು. ಹಳೆಯ ಗೇಮಿಗೆ, ಸಾಧಾರಣ ಕಾರ್ಡಿಗೆ, ಇದು ಖಂಡಿತ ಒಳ್ಳೆಯ ದಾರಿ.

ಪ್ರಯತ್ನಿಸುವವರು ಮೊದಲು ರೀಶೇಡ್‌ನ ‘ಡಿಸ್‌ಪ್ಲೇ ಡೆಪ್ತ್’ ಹಾಕಿ ನೋಡಿ. ಹತ್ತಿರದ್ದು ಕಪ್ಪಗೆ, ದೂರದ್ದು ಬೆಳ್ಳಗೆ ಕಂಡರೆ ದೂರದ ಲೆಕ್ಕ ಸರಿಯಾಗಿ ಸಿಗುತ್ತಿದೆ ಎಂದರ್ಥ. ಏನೂ ಕಾಣದಿದ್ದರೆ ಗೇಮಿನ ಸೆಟಿಂಗ್ಸ್‌ನಲ್ಲಿ ಅಂಚು ನಯಗೊಳಿಸುವ ಎಂಎಸ್‌ಎಎ ಆಫ್ ಮಾಡಿ. ಆನ್‌ಲೈನ್ ಪಂದ್ಯಗಳಿಗೆ ಮಾತ್ರ ಇದನ್ನು ಒಯ್ಯಬೇಡಿ.