ಇಲ್ಲದ ಹೂವಿಗೊಂದು ಹೆಸರು

ಭೂಮಿಯ ಮೇಲೆ ಎಲ್ಲಿಯೂ ಅರಳದ ಹೂವೊಂದರ ಹೆಸರು ಅನುವಾದದಲ್ಲಿ ಕೆಟ್ಟಿತೆಂದು ಆಕ್ಷೇಪಿಸಿ, ಅದನ್ನು ಹೇಗೆ ಅನುವಾದಿಸಬೇಕೆಂದು ಟಿಪ್ಪಣಿ ಬರೆದಿಟ್ಟ ಲೇಖಕರೊಬ್ಬರಿದ್ದರು. ಅವರೇ ಜೆ. ಆರ್. ಆರ್. ಟಾಲ್ಕೀನ್ (1892-1973). 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಬೃಹತ್ ಕಾದಂಬರಿಯ ಕರ್ತೃ.

ಆ ಕಾದಂಬರಿಯ ಕಲ್ಪಿತ ಲೋಕದಲ್ಲಿ ರೋಹನ್ ಎಂಬುದು ಕುದುರೆ ಸವಾರರ ನಾಡು. ರಾಜಧಾನಿಯ ದಾರಿಯ ಇಕ್ಕೆಲಗಳಲ್ಲಿ ಗತಿಸಿದ ಅರಸರ ಸಮಾಧಿ ದಿಬ್ಬಗಳು. ಅವುಗಳ ಹುಲ್ಲಿನ ನಡುವೆ ಪುಟ್ಟ ಬಿಳಿ ಹೂಗಳು. ವರ್ಷದ ಎಲ್ಲ ಋತುಗಳಲ್ಲಿಯೂ ಅರಳುವ ಈ ಹೂವು ಬೆಳೆಯುವುದು ಸತ್ತವರು ಮಲಗಿರುವ ನೆಲದಲ್ಲಿ. ಹೆಲ್ಮ್ ಎಂಬ ಅರಸನ ದಿಬ್ಬದಲ್ಲಂತೂ ಹಿಮ ಮುಸುಕಿದಂತೆ ದಟ್ಟವಾಗಿ ಅರಳುತ್ತಿತ್ತಂತೆ. ಅದರ ಹೆಸರು 'ಸಿಂಬೆಲ್‌ಮಿನೆ'.

ಈ ಹೆಸರು ಬಾಯಿಗೆ ಬಂದಂತೆ ಕಟ್ಟಿದ್ದಲ್ಲ. ಟಾಲ್ಕೀನ್ 1925ರಿಂದ 1945ರವರೆಗೆ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದವರು. ರೋಹನ್ನಿನ ಜನರ ಮಾತಿಗೆ ಅವರು ಹಳೆಯ ಇಂಗ್ಲಿಷಿನ ರೂಪ ಕೊಟ್ಟರು. ಆ ಭಾಷೆಯಲ್ಲಿ 'ಸಿಂಬೆಲ್' ಎಂದರೆ ಸದಾ, 'ಮಿನೆ' ಎಂದರೆ ನೆನಪು. ಕಾದಂಬರಿಯಲ್ಲಿ ಇದಕ್ಕೆ ಹೊಸ ಇಂಗ್ಲಿಷಿನ 'ಎವರ್‌ಮೈಂಡ್' ಎಂಬ ಹೆಸರೂ ಇದೆ. ಇಲ್ಲಿ 'ಮೈಂಡ್' ಎಂದರೆ ಮನಸ್ಸಲ್ಲ, ನೆನಪು. ಆ ಪದದ ಹಳೆಯ ಅರ್ಥ.

ಎಡವಿದ್ದು ಇಲ್ಲಿಯೇ. ಸ್ವೀಡಿಷ್ ಮತ್ತು ಡಚ್ ಅನುವಾದಗಳು ನೆನಪನ್ನು ಕೈಬಿಟ್ಟು, ಬಾಡದ ಹೂವು ಎಂಬರ್ಥದ ಹೆಸರುಗಳನ್ನಿಟ್ಟವು. ನಮ್ಮ ಅಂಗಳದ ಬೇಲಿಬದಿಯ ನಿತ್ಯಪುಷ್ಪದಂತೆ ಅದೂ ಒಂದು ಹೂವಾಯಿತು, ಅಷ್ಟೆ! ಹೂವು ಬಾಡುವುದಿಲ್ಲವೆಂದು ಟಾಲ್ಕೀನ್ ಹೇಳಿರಲೇ ಇಲ್ಲ. ಮುಂದಿನ ಅನುವಾದಕರಿಗಾಗಿ ಅವರು ಸಿದ್ಧಪಡಿಸಿದ, 1975ರಲ್ಲಿ ಅಚ್ಚಾದ ಟಿಪ್ಪಣಿಗಳಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ: ಹೆಸರನ್ನು ಅರ್ಥಾನುಸಾರವಾಗಿ ಅನುವಾದಿಸಬೇಕು. 'ಫರ್ಗೆಟ್ ಮಿ ನಾಟ್' ಎಂಬ ನೀಲಿ ಹೂವಿನ ಹೆಸರನ್ನು ಇದು ಹೋಲುವುದಾದರೂ ಗಿಡ ಬೇರೆ. ಇದು ಅನಿಮೋನ್ ಜಾತಿಯ ಒಂದು ಕಲ್ಪಿತ ಬಗೆ.

ಎರಡು ತುಂಡುಗಳ ಈ ಪದದಲ್ಲಿ ಮೊದಲ ತುಂಡು ಯಾವ ಭಾಷೆಗಾದರೂ ಸುಲಭ. ಎರಡನೆಯದು ಬಿದ್ದುಹೋದರೆ ಅರಸರ ದಿಬ್ಬಕ್ಕೂ ಹೂವಿಗೂ ಇರುವ ನಂಟೇ ಕಡಿಯುತ್ತದೆ. ಕನ್ನಡದಲ್ಲಾದರೆ 'ಸದಾಸ್ಮೃತಿ' ಎನ್ನಬಹುದಿತ್ತು; ಆದರೆ ಕುದುರೆ ಸವಾರರ ಬಾಯಿಗೆ ಅದು ತೀರಾ ಪಂಡಿತರ ಮಾತಾದೀತು. 'ಮಾಸದನೆನಪು' ವಾಸಿ ಎಂದು ನನಗೆ ತೋರುತ್ತದೆ. 'ನೆನಪಿನ ಮಲ್ಲಿಗೆ' ಎನ್ನಲು ಯಾರಿಗಾದರೂ ಆಸೆಯಾದೀತು, ಆದರೆ ಅದು ಮಲ್ಲಿಗೆಯಲ್ಲ.